ನೀಲಗಂಗವ್ವನ ಉಕ್ಕಿನ ಉಂಗುರ

ಬ್ಯಾಡಗಿಯ ಸ್ಟೇಷನ್ ರಸ್ತೆಯಲ್ಲಿ ಕರಬಸಪ್ಪನ ಅಂಗಡಿ ಇದೆ. ಗಾಡಿಯ ಅಚ್ಚು, ತಕ್ಕಡಿಯ ದಂಡಿಗೆ, ಎಣ್ಣೆ ಎಂಜಿನ್ನಿನ ಭಾಗ, ಏನು ಮುರಿದರೂ ಜನ ಅವನಲ್ಲಿಗೇ ತರುತ್ತಾರೆ. ಕೆಲಸ ಬಲ್ಲವನು. ಆದರೆ ಅವನು ಕಬ್ಬಿಣಕ್ಕೆ ತೂತು ಕೊರೆಯಲು ನಿಂತನೆಂದರೆ ಅಕ್ಕಪಕ್ಕದ ಮನೆಯವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಅವನ ಬೈರಿಗೆ ಯಂತ್ರ ಅಷ್ಟು ಕಿರುಚುತ್ತಿತ್ತು.

ಪಕ್ಕದ ಮನೆಯ ಹಾಜಿರಾಬಿ ಗೋಡೆಯ ಆಚೆಯಿಂದಲೇ ಕೂಗುತ್ತಿದ್ದಳು.

"ಏನ್ ಕರಬಸಪ್ಪಣ್ಣಾ, ಕಬ್ಬಿಣ ಕೊರಿಯಾಕತ್ತೀಯೋ, ಬೆಕ್ಕಿನ ಬಾಲ ತುಳಿಯಾಕತ್ತೀಯೋ?"

"ಕಬ್ಬಿಣ ಅಂದಮ್ಯಾಲೆ ಸಪ್ಪಳ ಮಾಡೂದ ಅಕ್ಕಾ. ಮಲ್ಲಿಗಿ ಮಗ್ಗಿ ಅಲ್ಲ ಅದು."

"ನಮ್ಮ ಮನಿಯವರು ಎಣ್ಣಿ ಬಿಟ್ಟು ಕೊರೀತಾರ. ಇಷ್ಟು ಒದರೂದಿಲ್ಲ."

"ಎಣ್ಣಿ ಹಾಕೂದು ಒಮ್ಮೆ ನೋಡೇನಿ. ಸಾಕಾಗೇತಿ."

ಅವನು ನೋಡಿದ್ದು ಹೀಗೆ. ಮೆಣಸಿನಕಾಯಿ ಸುಗ್ಗಿಯಲ್ಲಿ ಅವನ ಹೆಂಡತಿ ನೀಲಗಂಗವ್ವ ವ್ಯಾಪಾರಿಗಳಿಂದ ಕಾಯಿ ತಂದು, ತೊಟ್ಟು ಬಿಡಿಸಿ, ಹೊಳಪು ಬರಲೆಂದು ಅಂಗೈಯಲ್ಲಿ ಎಣ್ಣೆ ಸವರಿ ಕೊಡುತ್ತಾಳೆ. ಸವರಿ ಉಳಿದ ಎಣ್ಣೆ ಕೆಂಪಗಿರುತ್ತದೆ. ಒಳ್ಳೆಯ ಎಣ್ಣೆ ಯಾಕೆ ಖರ್ಚು ಮಾಡಬೇಕೆಂದು ಕರಬಸಪ್ಪ ಹೋದ ವರ್ಷ ಆ ಎಣ್ಣೆಯನ್ನೇ ಬೈರಿಗೆಯ ಮೊನೆಗೆ ಸುರಿದಿದ್ದ. ಮೊನೆ ಕಾದಿತ್ತು. ಎದ್ದ ಘಾಟಿಗೆ ರಾಣಿಬೆನ್ನೂರಿನಿಂದ ಬಂದಿದ್ದ ಗಿರಾಕಿ ಸೀನಿ ಸೀನಿ ರುಮಾಲು ಬಿಟ್ಟು ಓಡಿದ. ಬೀದಿಯಲ್ಲಿ ಹೋಗುತ್ತಿದ್ದ ಎತ್ತುಗಳೂ ಕೆಮ್ಮಿದವು. ಅಂದಿನಿಂದ ಕರಬಸಪ್ಪ ಕಬ್ಬಿಣಕ್ಕೆ ಎಣ್ಣೆ ಆಗಿಬರುವುದಿಲ್ಲ ಎಂದು ತೀರ್ಮಾನಿಸಿಬಿಟ್ಟ. ಅವನಿಗೆ ಕಂಡದ್ದು ಎಣ್ಣೆಯ ತಪ್ಪು. ಖಾರದ ನೆನಪೇ ಆಗಲಿಲ್ಲ.

ಒಂದು ಶನಿವಾರ ಮುಂಜಾನೆ ಅವನು ಗಾಡಿಗೆ ಹಾಕುವ ಉದ್ದನೆಯ ಉಕ್ಕಿನ ಪಟ್ಟಿಗೆ ತೂತು ಕೊರೆಯುತ್ತಿದ್ದ. ಎಣ್ಣೆಯಿಲ್ಲದ ಒಣ ಮೊನೆ ಬೇಗ ಇಳಿಯುವುದಿಲ್ಲ. ಚಕ್ರ ತಿರುಗಿಸಲು ಇನ್ನೊಬ್ಬರ ಕೈ ಬೇಕು. ನೀಲಗಂಗವ್ವ ಹಿಡಿಕೆ ಹಿಡಿದು ತಿರುಗಿಸುತ್ತಿದ್ದಳು.

"ಹೊಗಿ ಬರಾಕತ್ತೇತ್ರಿ."

"ಬರಲಿ. ನೀ ತಿರವು."

"ನೀವು ಪಟ್ಟಿ ಬಿಗಿಯಾಗಿ ಕಟ್ಟಿಲ್ಲರಿ. ಕೈಯಾಗ ಹಿಡದೀರಿ."

"ಇಷ್ಟು ವರ್ಷ ಹಿಡದೇನಿ. ಏನಾಗೇತಿ?"

ಅವನು ಮೈಭಾರ ಹಾಕಿ ಒತ್ತಿದ. ಮೊನೆ ಉಕ್ಕಿನೊಳಗೆ ಕಚ್ಚಿ ನಿಂತಿತು. ಪಟ್ಟಿ ಅವನ ಕೈ ತಪ್ಪಿಸಿಕೊಂಡು ಗರ್ರನೆ ತಿರುಗಿ, ಹಿಡಿಕೆಯ ಮೇಲಿದ್ದ ನೀಲಗಂಗವ್ವನ ಬೆರಳುಗಳಿಗೆ ಅಪ್ಪಳಿಸಿತು.

"ಏನಾತು?"

"ಏನಿಲ್ಲರಿ. ಬಡೀತಷ್ಟ." ಅವಳು ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಹೋದಳು.

ಅವಳ ನಡುಬೆರಳಿನಲ್ಲಿ ಉಕ್ಕಿನ ಉಂಗುರವಿತ್ತು. ಶನಿಯ ಕಾಟವಿದೆ, ಕಬ್ಬಿಣದ ಉಂಗುರ ಹಾಕಬೇಕು ಎಂದು ಜೋಯಿಸರು ಹೇಳಿದ್ದರು. ಬೇರೆಯವರು ಕುದುರೆ ಲಾಳದ ಮೊಳೆ ಬಗ್ಗಿಸಿ ಹಾಕಿಕೊಳ್ಳುತ್ತಾರೆ. ಕರಬಸಪ್ಪನಿಗೆ ಅದು ಕಡಿಮೆಯೆನಿಸಿ, ದಪ್ಪ ಉಕ್ಕಿನ ಕೊಳವೆಯ ತುಂಡು ಕತ್ತರಿಸಿ, ನುಣುಪು ಮಾಡಿ ಹೆಂಡತಿಗೆ ತೊಡಿಸಿದ್ದ. ಸಾಯುವವರೆಗೂ ಸವೆಯುವುದಿಲ್ಲ ಎಂದು ಹೆಮ್ಮೆಯಿಂದ ಹೇಳಿದ್ದ.

ಮಧ್ಯಾಹ್ನ ಊಟಕ್ಕೆ ಕೂತಾಗ ನೀಲಗಂಗವ್ವ ಎಡಗೈಯಿಂದ ರೊಟ್ಟಿ ಮುರಿಯುವುದನ್ನು ಅತ್ತೆ ಸುಶೀಲವ್ವ ನೋಡಿದಳು.

"ಎಡಗೈಲೆ ಉಣ್ತಾರೇನ? ಬಲಗೈ ತಗಿ, ನೋಡೋಣ."

ಬೆರಳು ಬದನೆಕಾಯಿಯಂತೆ ಊದಿತ್ತು. ಉಂಗುರ ಮಾಂಸದಲ್ಲಿ ಹೂತಿತ್ತು. ಸುಶೀಲವ್ವ ಅಡುಗೆಯ ಕುಸುಬೆ ಎಣ್ಣೆ ಹಚ್ಚಿ ಎಳೆದಳು. ಬೆರಳಿಗೆ ದಾರ ಸುತ್ತಿ ಜಾರಿಸಿ ನೋಡಿದಳು. ಉಂಗುರ ಕದಲಲಿಲ್ಲ. ಉಂಗುರದ ಮೇಲಿನ ಬೆರಳು ಕೆಂಪಿನಿಂದ ನೀಲಿಗೆ ತಿರುಗುತ್ತಿತ್ತು.

ದವಾಖಾನೆಗೆ ಓಡಿದರು. ದೊಡ್ಡ ಡಾಕ್ಟರು ಹಾವೇರಿಗೆ ಹೋಗಿದ್ದರು. ಕಂಪೌಂಡರು ಉಗುರನ್ನು ಒತ್ತಿ ಬಿಟ್ಟು ನೋಡಿದರು. ಬಣ್ಣ ಮರಳಿ ಬರಲಿಲ್ಲ.

"ರಕ್ತ ಓಡವಲ್ದು. ಬಂಗಾರದ ಉಂಗುರ ಆಗಿದ್ರ ನನ್ನ ಕತ್ತರೀಲೆ ಕತ್ತರಸತಿದ್ದೆ. ಇದು ಉಕ್ಕು. ನಿಮ್ಮ ಅಂಗಡ್ಯಾಗ ಗರಗಸ ಐತೆಲ್ಲ? ಲಗೂ ಹೋಗ್ರಿ."

"ಸಂಜೀ ರೈಲಿಗೆ ಹಾವೇರಿಗೆ ಕರಕೊಂಡ ಹೋಗಲೇನ್ರಿ?" ಎಂದ ಕರಬಸಪ್ಪ.

"ಯುದ್ಧದ ಮಿಲ್ಟ್ರಿ ರೈಲು ಬಿಡಾಕ ಈಗ ನಮ್ಮ ಗಾಡಿ ಎಲ್ಲೆಲ್ಲೋ ನಿಲ್ಲಸ್ತಾರ. ಅದನ್ನ ನಂಬಿ ಕುಂದರಬ್ಯಾಡ್ರಿ. ಹೊತ್ತು ಮುಣುಗೂದ್ರಾಗ ಉಂಗುರ ಬರಲಿಲ್ಲಂದ್ರ ಬೆರಳ ಕಡೀಬೇಕಾದೀತು."

ಅಂಗಡಿಗೆ ಬಂದರು. ಕರಬಸಪ್ಪ ಗರಗಸ ಕೈಗೆತ್ತಿಕೊಂಡದ್ದೇ ತಡ, ಸುಶೀಲವ್ವ ಅಡ್ಡ ಬಂದಳು.

"ಶನಿವಾರ ದಿನ ಶನಿ ಉಂಗುರಾ ಕಡೀತೀ ಏನೋ? ನಾಳೆ ಮುಂಜಾನೆ ಕಡಿ."

"ಅವ್ವಾ, ಬೆರಳ ನೋಡು!"

"ನೋಡೇನಿ. ಮನಿ ಮ್ಯಾಲೆ ಏನರ ಬಂದ್ರ?"

ನೀಲಗಂಗವ್ವ ಅಲ್ಲಿಯವರೆಗೆ ತುಟಿ ಕಚ್ಚಿ ಕೂತಿದ್ದಳು. ಈಗ ಮೆಲ್ಲಗೆ ಹೇಳಿದಳು: "ಅತ್ತೀ, ಮೊದಲ ಬ್ಯಾನಿ ಆಗತಿತ್ತು. ಈಗ ಬೆರಳ ಐತೋ ಇಲ್ಲೋ ಗೊತ್ತಾಗವಲ್ದು."

ಸುಶೀಲವ್ವ ಗೋಡೆಗೆ ಸರಿದು ನಿಂತಳು. ಅಲ್ಲೇ ಕೂತಳು.

ಕರಬಸಪ್ಪ ಹೆಂಡತಿಯ ಕೈಯನ್ನು ಉಸುಕಿನ ಚೀಲದ ಮೇಲೆ ಇಟ್ಟು ಗರಗಸ ಎಳೆಯತೊಡಗಿದ. ತನಗೆ ಗೊತ್ತಿದ್ದ ರೀತಿಯಲ್ಲೇ, ಒಣಗರಗಸ, ಮೇಲಿನಿಂದ ಒತ್ತಡ. ಉಕ್ಕು ಕಿರ್ರೆಂದಿತು. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬಂತು. ಸತ್ತಂತಿದ್ದ ಬೆರಳಿನ ಬುಡಕ್ಕೆ ಕಾವು ಮುಟ್ಟಿತು. ನೀಲಗಂಗವ್ವ ಚೀರಿಕೊಂಡು ಕೈ ಕಸಿದುಕೊಂಡಳು.

ಉಂಗುರದ ಮೇಲೆ ಬಿದ್ದದ್ದು ಕೂದಲೆಳೆಯಷ್ಟು ಗೀರು. ಗರಗಸದ ಬ್ಲೇಡಿನ ಹಲ್ಲುಗಳು ಮಾತ್ರ ಬೋಳಾಗಿದ್ದವು. ಅಂಗಡಿಯಲ್ಲಿ ಇನ್ನೊಂದೇ ಬ್ಲೇಡು ಉಳಿದಿತ್ತು. ಯುದ್ಧ ಶುರುವಾದ ಮೇಲೆ ಮುಂಬಯಿಯ ಮಾಲು ಬರುವುದೇ ಅಪರೂಪ.

ಚೀರಾಟ ಕೇಳಿ ಹಾಜಿರಾಬಿ ಓಡಿ ಬಂದಳು. ಕೈ ನೋಡಿದಳು, ಗರಗಸ ನೋಡಿದಳು.

"ತಡಿ ಕರಬಸಪ್ಪಣ್ಣಾ, ಕೈ ಹಚ್ಚಬ್ಯಾಡ. ನಮ್ಮ ಮನಿಯವರು ಸ್ಟೇಷನ್ ಪಂಪಿನ ಕೆಲಸದಾಗ ಅದಾರ. ಕರಕೊಂಡ ಬರ್ತೀನಿ."

ಅವಳ ಗಂಡ ಇಸ್ಮಾಯಿಲಸಾಬ ರೈಲ್ವೆಯಲ್ಲಿ ಫಿಟ್ಟರು. ಬಂದವನು ಮೊದಲು ಉಂಗುರ ಮುಟ್ಟಿ ನೋಡಿದ.

"ಕಾದೈತಿ. ಮೊದಲ ತಣ್ಣೀರ ಸುರುವ್ರಿ. ತಂಗೀ, ಕೈ ತಲಿಗಿಂತ ಮ್ಯಾಲೆ ಹಿಡಿ. ಊತ ಒಂದೀಟ ಇಳೀಲಿ." ಆಮೇಲೆ ಕರಬಸಪ್ಪನ ಕಡೆಗೆ ತಿರುಗಿದ. "ಒಣಾನ ಕೊಯ್ದ್ಯಾ?"

"ಮತ್ತ ಹೆಂಗ ಕೊಯ್ಲಿ? ಎಣ್ಣಿ ಹಾಕಿದ್ರ ಬ್ಲೇಡು ಜಾರತೈತಿ, ಕಚ್ಚೂದಿಲ್ಲ."

ಇಸ್ಮಾಯಿಲಸಾಬ ಬೈರಿಗೆಯ ಕೆಳಗೆ ಬಿದ್ದಿದ್ದ ಉಕ್ಕಿನ ಚೂರೊಂದನ್ನು ಎತ್ತಿ ಅವನ ಮುಂದೆ ಹಿಡಿದ.

"ಇದರ ಬಣ್ಣ ಯಾವದು?"

"ನೀಲಿ."

"ಉಕ್ಕು ನೀಲಿ ಆಗಾಕ ಎಷ್ಟು ಕಾಯಬೇಕು, ಕುಲುಮ್ಯಾಗ ನೋಡೀದಿ. ಆ ಕಾವಿಗೆ ನಿನ್ನ ಮೊನಿ ಮೊಂಡ ಆಗ್ತಾವ, ಬ್ಲೇಡಿನ ಹಲ್ಲು ಹೋಗ್ತಾವ. ಈಗ ಅದ ಕಾವು ತಂಗೀ ಬೆರಳಿಗೆ ಹತ್ತೇತಿ. ಹಲ್ಲು ತಮ್ಮ ಕೆಲಸ ತಾವು ಮಾಡ್ತಾವ. ಎಣ್ಣಿ ಬರೇ ತಿಕ್ಕಾಟ ಕಡಿಮಿ ಮಾಡ್ತೈತಿ, ಕಾವು ಒಯ್ತೈತಿ, ಚೂರು ಹೊರಗ ತರತೈತಿ."

"ನಾ ಹಾಕಿ ನೋಡೇನಿ, ಇಸ್ಮಾಯಿಲಣ್ಣಾ. ಮಂದಿ ಕಣ್ಣೀರ ಹಾಕ್ಕೋತ ಓಡಿಹೋದ್ರು."

"ಯಾ ಎಣ್ಣಿ?"

ಕರಬಸಪ್ಪ ಮೂಲೆಯ ಡಬ್ಬಿ ತೋರಿಸಿದ. ಇಸ್ಮಾಯಿಲಸಾಬ ಬಗ್ಗಿ ಮೂಸಿ ನೋಡಿ ಗಟ್ಟಿಯಾಗಿ ಸೀನಿದ.

"ಇದು ಎಣ್ಣಿ ಅಲ್ಲೋ ಮಾರಾಯಾ, ಒಗ್ಗರಣಿ!"

ಹಾಜಿರಾಬಿಗೆ ನಗು ತಡೆಯಲಾಗಲಿಲ್ಲ.

"ನಗೂದು ಆಮ್ಯಾಲೆ ನಗ್ರಿ," ಎಂದಳು ನೀಲಗಂಗವ್ವ. ಅವಳ ಮುಖ ಬೆವರಿತ್ತು. ಯಾರೂ ಮತ್ತೆ ನಗಲಿಲ್ಲ.

"ಬೆರಳಿನ ಮ್ಯಾಲಿನ ಕೆಲಸ. ಇಲ್ಲಿ ತಂಪು ಮುಖ್ಯ," ಎಂದ ಇಸ್ಮಾಯಿಲಸಾಬ. "ಎಣ್ಣಿಕಿಂತ ಬಟ್ಟಿ ಒಗಿಯೂ ಸಬಕಾರದ ನೀರು ಛಲೋ. ಸಬಕಾರ ಜಾರಸತೈತಿ, ನೀರು ತಂಪ ಮಾಡತೈತಿ. ಹಾಜಿರಾ, ಮನ್ಯಾಗಿನ ಸಬಕಾರ ತುರದು ಬಿಸಿನೀರಾಗ ಕರಗಸು. ಮ್ಯಾಲೆ ತಣ್ಣೀರ ಬೆರಸಿ ಗಿಂಡ್ಯಾಗ ತುಂಬಿಕೊಂಡ ಬಾ."

ಅವಳು ಬರುವಷ್ಟರಲ್ಲಿ ಅವನು ಚಹದ ಡಬ್ಬಿಯಿಂದ ತೆಳ್ಳನೆಯ ತಗಡಿನ ಪಟ್ಟಿ ಕತ್ತರಿಸಿ, ಅಂಚನ್ನು ಅರದಿಂದ ನುಣುಪು ಮಾಡಿದ. ಮೇಲೆತ್ತಿದ ಕೈಯಲ್ಲಿ ಊತ ತುಸು ಇಳಿದಿತ್ತು. ತಗಡಿಗೆ ಸಬಕಾರ ಸವರಿ, ಉಂಗುರಕ್ಕೂ ಚರ್ಮಕ್ಕೂ ನಡುವೆ ಸಾವಕಾಶ ತೂರಿಸಿದ. ನೀಲಗಂಗವ್ವ ಕಣ್ಣು ಮುಚ್ಚಿದಳು.

"ನೀವ ಕೊಯ್ಯಿರಿ, ಇಸ್ಮಾಯಿಲಣ್ಣಾ," ಎಂದ ಕರಬಸಪ್ಪ. "ನಾ ಒಮ್ಮೆ ಸುಟ್ಟೇನಿ."

"ಬ್ಯಾಡ," ಎಂದಳು ನೀಲಗಂಗವ್ವ. "ನೀವ ಕೊಯ್ಯಿರಿ. ಉಂಗುರ ಮಾಡಿದವರು ನೀವು. ಎಲ್ಲಿ ಎಷ್ಟು ದಪ್ಪ ಐತಿ ನಿಮಗ ಗೊತ್ತೈತಿ."

ಕೊನೆಯ ಬ್ಲೇಡನ್ನು ಚೌಕಟ್ಟಿಗೆ ಬಿಗಿದರು. ಇಸ್ಮಾಯಿಲಸಾಬ ಅವಳ ಕೈ ಹಿಡಿದುಕೊಂಡ. ಹಾಜಿರಾಬಿ ಗಿಂಡಿಯ ಮೂತಿಯಿಂದ, ಹಲ್ಲು ಉಕ್ಕನ್ನು ಮುಟ್ಟುವ ಜಾಗಕ್ಕೇ ಸಬಕಾರದ ನೀರನ್ನು ಸಣ್ಣಗೆ ಬಿಟ್ಟಳು.

"ಒತ್ತಬ್ಯಾಡ. ಉದ್ದಕ ದೂಡು. ಹಿಂದಕ ಬರೂವಾಗ ಹಗುರ ಮಾಡು. ಅವಸರ ಬ್ಯಾಡ."

ಗರಗಸ ಕಿರುಚಲಿಲ್ಲ. ಸರ್, ಸರ್ ಎಂದು ತಗ್ಗಿದ ಸದ್ದು. ಉಂಗುರದ ಕೆಳಗಿನಿಂದ ಬೂದು ಬಣ್ಣದ ನೀರು ಇಳಿಯಿತು. ಕರಬಸಪ್ಪ ಅದನ್ನೇ ನೋಡಿದ. ಅದು ಉಕ್ಕಿನ ಪುಡಿ. ಬ್ಲೇಡು ಜಾರುತ್ತಿರಲಿಲ್ಲ, ಕೊಯ್ಯುತ್ತಿತ್ತು.

ನಡುನಡುವೆ ಇಸ್ಮಾಯಿಲಸಾಬ ಕೈ ತಡೆದು ಉಂಗುರ ಮುಟ್ಟುತ್ತಿದ್ದ. "ತಂಪೈತಿ. ನಡೀಲಿ."

ಒಂದು ಬದಿ ತುಂಡಾಯಿತು. ಬ್ಲೇಡು ತಗಡಿಗೆ ತಾಗಿ ನಿಂತಿತು. ಎರಡು ಇಕ್ಕಳ ಹಾಕಿ ಉಂಗುರವನ್ನು ಅಗಲಿಸಲು ನೋಡಿದರು. ದಪ್ಪ ಉಕ್ಕು ಬಾಗಲಿಲ್ಲ. ನೀಲಗಂಗವ್ವನ ಗಂಟಲಿನಿಂದ ಸಣ್ಣ ನರಳಾಟ ಬಂತು. ಇನ್ನೊಂದು ಬದಿಯನ್ನೂ ಕೊಯ್ಯಬೇಕಿತ್ತು.

ಹೊರಗೆ ಹರವಿದ್ದ ಮೆಣಸಿನಕಾಯಿಯ ಮೇಲಿನಿಂದ ಬಿಸಿಲು ಸರಿಯುತ್ತಿತ್ತು. ತಗಡನ್ನು ಆ ಬದಿಗೆ ಸರಿಸಿ ಕರಬಸಪ್ಪ ಮತ್ತೆ ಶುರು ಮಾಡಿದ. ಅರ್ಧ ಕೊಯ್ಯುವಷ್ಟರಲ್ಲಿ ಗಿಂಡಿ ಬರಿದಾಯಿತು.

"ನೀರು ಮುಗೀತು, ತಡೀರಿ, ತರ್ತೀನಿ," ಎಂದು ಹಾಜಿರಾಬಿ ಓಡಿದಳು.

ಕರಬಸಪ್ಪನಿಗೆ ತಡೆಯಲಾಗಲಿಲ್ಲ. ಹೊತ್ತು ಹೋಗುತ್ತಿತ್ತು. "ಇನ್ನೊಂದೀಟ ಐತಿ," ಎಂದು ಕೈ ಓಡಿಸಿದ. ಸದ್ದು ಬದಲಾಯಿತು. ನೀಲಗಂಗವ್ವನ ಭುಜ ಮೇಲೆದ್ದಿತು.

ಇಸ್ಮಾಯಿಲಸಾಬ ಅವನ ಮಣಿಕಟ್ಟು ಹಿಡಿದುಬಿಟ್ಟ. "ನಿಲ್ಲೋ! ಇರೂದು ಒಂದ ಬ್ಲೇಡು. ಇದರ ಹಲ್ಲು ಹೋದ್ರ ಆಕಿ ಬೆರಳ ಹೋತು."

"ಹೊತ್ತು ಮುಣುಗಾಕತ್ತೇತಿ, ಅಣ್ಣಾ!"

"ಒಣಾ ಕೊಯ್ದ್ರ ಲಗೂ ಆಗತೈತಿ ಅಂತ ತಿಳದೀಯಲ್ಲ, ಅದ ನಿನ್ನ ತಪ್ಪು."

ಆಗ ಹಿಂದಿನಿಂದ ಒಂದು ಕೈ ಮುಂದೆ ಬಂದು, ಚೊಂಬಿನಿಂದ ಉಂಗುರದ ಮೇಲೆ ನೀರು ಬಿಟ್ಟಿತು. ಸಬಕಾರದ ನೊರೆ ಇತ್ತು ಅದರಲ್ಲಿ. ಗೋಡೆಗೆ ಒರಗಿ ಕೂತಿದ್ದ ಸುಶೀಲವ್ವ ಯಾವಾಗ ಒಳಗೆ ಹೋಗಿ ತನ್ನ ಸಬಕಾರ ಕರಗಿಸಿದ್ದಳೋ ಯಾರೂ ನೋಡಿರಲಿಲ್ಲ.

"ಅವ್ವಾ, ಶನಿವಾರ..."

"ಶನಿಗೆ ನಾ ಹೇಳ್ಕೋತೀನಿ. ಆಕಿ ಬೆರಳ ಹೋದ್ರ ಯಾರಿಗೆ ಹೇಳ್ಕೊಳ್ಳಿ? ಕೊಯ್ಯಿ ನೀ. ನಾ ನೀರ ಬಿಡ್ತೀನಿ."

ನೀರಿನ ಎಳೆ ಕಡಿಯಲಿಲ್ಲ. ಬ್ಲೇಡು ಸರ್, ಸರ್ ಎಂದು ಇಳಿಯಿತು. ಉಂಗುರ ಎರಡು ಹೋಳಾಗಿ ಉಸುಕಿನ ಚೀಲದ ಮೇಲೆ ಬಿತ್ತು.

ಎಲ್ಲರೂ ಬೆರಳನ್ನೇ ನೋಡಿದರು. ಉಂಗುರವಿದ್ದ ಜಾಗ ಬೆಳ್ಳಗೆ ತಗ್ಗಾಗಿತ್ತು. ಮೇಲಿನ ಭಾಗ ಹಾಗೇ ನೀಲಿಯಾಗಿತ್ತು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ನೀಲಗಂಗವ್ವ ಬಾಯಿ ತೆರೆದು, ಆ ದಿನ ಮೊದಲ ಸಲ ಜೋರಾಗಿ ಅತ್ತಳು.

"ಬ್ಯಾನಿ ಆಗಾಕತ್ತೇತಿ! ಉರಿಯಾಕತ್ತೇತಿ, ಅತ್ತೀ!"

ದವಾಖಾನೆಯಲ್ಲಿ ಕಂಪೌಂಡರು ಉಗುರು ಒತ್ತಿ ಬಿಟ್ಟರು. ತಡವಾಗಿಯಾದರೂ ಕೆಂಪು ಮರಳಿತು. "ಬ್ಯಾನಿ ಬಂತಲ್ಲ, ರಕ್ತ ಬಂತು. ಬೆರಳ ಉಳೀತು," ಎಂದು ಪಟ್ಟಿ ಕಟ್ಟಿದರು. ಮುಂದೆ ಆ ಉಗುರು ಬಿದ್ದು ಹೊಸದು ಬಂತು. ಬೆರಳು ಪೂರಾ ಮಡಚುವುದಿಲ್ಲ. ಆದರೆ ರೊಟ್ಟಿ ತಟ್ಟಲು ತೊಂದರೆಯಿಲ್ಲ.

ಕರಬಸಪ್ಪ ಕೆಲವು ದಿನ ಬೈರಿಗೆಯ ಹತ್ತಿರ ಹೋಗಲಿಲ್ಲ. ಆಮೇಲೆ ಒಂದು ಮುಂಜಾನೆ ತಾನೇ ಇಸ್ಮಾಯಿಲಸಾಬನನ್ನು ಕರೆದ. ಗಾಡಿಯ ಪಟ್ಟಿಯನ್ನು ಈ ಸಲ ಯಂತ್ರದ ಮೇಜಿಗೆ ಬಿಗಿದು ಕಟ್ಟಿದ. ಹೊಸ ಶೇಂಗಾ ಎಣ್ಣೆಯಲ್ಲಿ ಅರಿವೆ ಅದ್ದಿ ಮೊನೆಯ ಕಡೆ ಕೈ ಚಾಚಿದ. ಇಸ್ಮಾಯಿಲಸಾಬ ಅರಿವೆಯನ್ನು ಕಸಿದು ದೂರ ಒಗೆದ.

"ತಿರುಗೂ ಮೊನಿಗೆ ಅರಿವಿ ಹಿಡೀತಾರೇನು? ಸುತ್ತಿಕೊಂಡು ನಿನ್ನ ಬೆರಳೂ ಎಳಕೋತೈತಿ. ಒಂದ ಬೆರಳ ಉಳಿಸಿದ್ದು ಸಾಕಾಗಿಲ್ಲೇನು? ಮೂತಿ ಇದ್ದ ಡಬ್ಬೀಲೆ ದೂರದಿಂದ ಬಿಡು. ಇಲ್ಲಾಂದ್ರ ಕುಂಚದಲೆ, ಚಕ್ರ ನಿಲ್ಲಿಸಿ ಹಚ್ಚು."

ಕರಬಸಪ್ಪ ಡಬ್ಬಿಯಿಂದ ಹನಿಹನಿಯಾಗಿ ಎಣ್ಣೆ ಬಿಟ್ಟ. ಉಕ್ಕು ಪುಡಿಯಾಗಲಿಲ್ಲ. ಉದ್ದನೆಯ ಸುರುಳಿಯಾಗಿ ಹೊರಬಂತು, ಬೆಳ್ಳಗೆ. ಬಾಗಿಲಲ್ಲಿ ನಿಂತಿದ್ದ ನೀಲಗಂಗವ್ವ ಕೇಳಿದಳು:

"ಹಗರಾತೇನ್ರಿ?"

"ಹಗರಾತು. ಇನ್ನ ಚಕ್ರ ನಾನೊಬ್ಬನ ತಿರವ್ತೀನಿ." ಮೂಲೆಯ ಡಬ್ಬಿಯ ಕಡೆ ನೋಡಿ ಸೇರಿಸಿದ: "ತಪ್ಪು ಎಣ್ಣೀದಲ್ಲ. ಆ ಖಾರದ ಡಬ್ಬಿ ಹಿಡಕೊಂಡು ನಾ ಎಣ್ಣಿ ಬೈದೆ."

ಓದುವವರೇ, ಕೇಳುವವರೇ, ನಿಮ್ಮ ಮನೆಯಲ್ಲಿ ಲೋಹ ಕೊರೆಯುವ, ಕೊಯ್ಯುವ ಕಸುಬು ಇದ್ದರೆ ದಯವಿಟ್ಟು ಈ ಮಾತನ್ನು ಮನಸ್ಸಿಗೆ ತೆಗೆದುಕೊಳ್ಳಿ. ಉಕ್ಕನ್ನೂ ಕಬ್ಬಿಣವನ್ನೂ ಒಣದಾಗಿ ಕೊರೆಯಬೇಡಿ. ಕೊರೆಯುವ ಜಾಗಕ್ಕೆ ಶುದ್ಧ ಎಣ್ಣೆಯನ್ನೋ ಸಬಕಾರದ ನೀರನ್ನೋ ಬಿಡುತ್ತಲೇ ಇರಿ. ಸಬಕಾರದ ನೀರು ಬಳಸಿದ ಮೇಲೆ ವಸ್ತುವನ್ನೂ ಹತಾರವನ್ನೂ ಒರೆಸಿ ತೆಳ್ಳಗೆ ಎಣ್ಣೆ ಸವರಿಡಿ. ಇಲ್ಲವಾದರೆ ತುಕ್ಕು ಹಿಡಿಯುತ್ತದೆ. ಬೀಡಿನ, ಅಂದರೆ ಎರಕದ ಕಬ್ಬಿಣದ, ಮಾತು ಬೇರೆ. ಅದನ್ನು ಒಣದಾಗಿಯೇ ಕೊರೆಯಬಹುದು. ಎಣ್ಣೆ ಬಿದ್ದರೆ ಅದರ ಪುಡಿ ಕೆಸರಾಗಿ ತೂತಿನಲ್ಲಿ ಕಟ್ಟಿಕೊಳ್ಳುತ್ತದೆ. ಹಿತ್ತಾಳೆಗೂ ಸಾಮಾನ್ಯವಾಗಿ ಎಣ್ಣೆ ಬೇಕಾಗುವುದಿಲ್ಲ. ಕೊರೆಯಲು ಎಣ್ಣೆಯ ಬದಲು ಸೀಮೆಎಣ್ಣೆ ಬಳಸುವವರು ದೀಪ, ಬೀಡಿ, ಕುಲುಮೆಗಳಿಂದ ದೂರವಿರಿ. ನೆಲಕ್ಕೆ ಚೆಲ್ಲಿದ ಎಣ್ಣೆಯ ಮೇಲೆ ಬೂದಿ ಹಾಕಿ ಗುಡಿಸಿ ತೆಗೆಯಿರಿ. ತಿರುಗುವ ಯಂತ್ರದ ಹತ್ತಿರ ಅರಿವೆ, ಸೆರಗು, ಉಂಗುರ ಇವು ಯಾವುವೂ ಬೇಡ. ಕೊರೆಯುವ ವಸ್ತುವನ್ನು ಕೈಯಲ್ಲಿ ಹಿಡಿಯದೆ ಬಿಗಿದು ಕಟ್ಟಿ.

ಈ ಮಾತು ಕೆಲಸ ಮಾಡುವವರಿಗೆ ಮಾತ್ರವಲ್ಲ. ತಾಯಂದಿರೇ, ಅಕ್ಕತಂಗಿಯರೇ, ಅಂಗಡಿಯ ಕಡೆಯಿಂದ ಸುಟ್ಟ ವಾಸನೆ ಬಂದರೆ ಸುಮ್ಮನಿರಬೇಡಿ. ಗಂಡಸರ ಕೆಲಸ, ನಮಗೇಕೆ ಎನ್ನಬೇಡಿ. ಚಕ್ರ ನಿಲ್ಲಿಸಲು ಹೇಳಿ. ಒಂದು ಡಬ್ಬಿ ಎಣ್ಣೆ ಯಂತ್ರದ ಮಗ್ಗುಲಲ್ಲಿ ತುಂಬಿದೆಯೋ ಇಲ್ಲವೋ, ಇವತ್ತೇ, ಕೆಲಸ ಶುರುವಾಗುವ ಮೊದಲೇ ಹೋಗಿ ನೋಡಿ.